ಕೈ ಊರದೆ ಕುರ್ಚಿಯಿಂದ ಏಳ್ತೀರಾ?

ನನ್ನ ಫಿಸಿಯೋಥೆರಪಿ ಕೋಣೆಯಲ್ಲಿ ಕೈಯಿಲ್ಲದ ಒಂದು ಮರದ ಕುರ್ಚಿ ಇದೆ. ಹಿರಿಯರು ಬಂದರೆ ಮಂಡಿ ಮುಟ್ಟಿ ನೋಡುವ ಮೊದಲು ಅದರಲ್ಲಿ ಕೂರಿಸುತ್ತೇನೆ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಳ್ಳಬೇಕು. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತಾರೆ ಅಂತ ಎಣಿಸುತ್ತೇನೆ. ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಪಟ್ಟಿಯ ಪ್ರಕಾರ 65ರಿಂದ 69 ವಯಸ್ಸಿನ ಗಂಡಸರು 12, ಹೆಂಗಸರು 11 ಸಲವಾದರೂ ಏಳಬೇಕು. ಅದಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಜಾಸ್ತಿ.

ಹೋದ ವರ್ಷ 68ರ ನಿವೃತ್ತ ಟೀಚರ್ ಒಬ್ಬರು ಮಗನ ಜೊತೆ ಬಂದಿದ್ದರು. ಶುಗರ್, ಬಿಪಿ ಎರಡೂ ಹಿಡಿತದಲ್ಲಿ. ಫೈಲ್ ತುಂಬಾ ರಿಪೋರ್ಟು, ಎಲ್ಲ ನಾರ್ಮಲ್. ಕುರ್ಚಿಯಿಂದ ಎದ್ದಿದ್ದು ಮಾತ್ರ 4 ಸಲ. ಐದನೆಯದಕ್ಕೆ ಮಗನೇ ಓಡಿಬಂದು ರಟ್ಟೆ ಹಿಡಿದು ಎಬ್ಬಿಸಿದರು. "ಮನೇಲಿ ಅಮ್ಮನಿಗೆ ಒಂದು ಲೋಟ ನೀರು ತಗೊಳ್ಳೋಕೂ ಬಿಡಲ್ಲ ಮೇಡಂ" ಎಂದರು, ಹೆಮ್ಮೆಯಿಂದ.

ಕಾಯಿಲೆ ಇದ್ದದ್ದೇ ಅಲ್ಲಿ.

ಕೆಲಸ ಕೊಡದ ಸ್ನಾಯುವನ್ನು ದೇಹ ಸುಮ್ನೆ ಸಾಕುವುದಿಲ್ಲ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸರಾಸರಿ 67 ವರ್ಷದ ಆರೋಗ್ಯವಂತರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದ್ದರು. ಹತ್ತೇ ದಿನಕ್ಕೆ ಕಾಲುಗಳಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ಮಾಂಸಖಂಡ ಕರಗಿತ್ತು. ಜ್ವರ ಬಂದು ಮಲಗಿ ಎದ್ದ ಅಜ್ಜಿ "ಕಾಲಲ್ಲಿ ಶಕ್ತಿನೇ ಇಲ್ಲ" ಅನ್ನುವುದು ನೆಪ ಅಲ್ಲ. ಇನ್ನೊಂದು ಮುಖವೂ ಇದೆ. 1990ರಲ್ಲಿ ಬೋಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ 90ರ ಆಸುಪಾಸಿನ ಹತ್ತು ಮಂದಿಗೆ 8 ವಾರ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಪೂರ್ತಿ ಮುಗಿಸಿದವರ ತೊಡೆಯ ಬಲ ಎರಡು ಪಟ್ಟಿಗಿಂತ ಹೆಚ್ಚಾಯಿತು. ತೊಂಬತ್ತರಲ್ಲಿ! ಹಾಗಾಗಿ ಅರವತ್ತಕ್ಕೇ "ವಯಸ್ಸಾಯ್ತಲ್ಲ" ಅನ್ನುವವರ ಮೇಲೆ ನನಗೆ ಸ್ವಲ್ಪ ಸಿಟ್ಟು.

"ದಿನಾ ವಾಕಿಂಗ್ ಹೋಗ್ತೀನಲ್ಲ" ಅಂತೀರಿ. ಒಳ್ಳೆಯದೇ, ಬಿಡಬೇಡಿ. ಆದರೆ ಸಮನೆಲದ ನಡಿಗೆಯಲ್ಲಿ ತೊಡೆಗೆ ಅಷ್ಟು ಭಾರ ಬೀಳುವುದಿಲ್ಲ. ಹಿಂದೆ ನೆಲದ ಮೇಲೆ ಕೂತು ಊಟ, ಕೂತು ತರಕಾರಿ ಹೆಚ್ಚುವುದು, ಕೂತು ರುಬ್ಬುವುದು, ಹೀಗೆ ದಿನಕ್ಕೆ ಹತ್ತಾರು ಸಲ ನೆಲದಿಂದ ಏಳುತ್ತಿದ್ದೆವು. ಈಗ ದೇವಸ್ಥಾನದ ಊಟಕ್ಕೂ ಟೇಬಲ್ ಹುಡುಕುತ್ತೇವೆ.

ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಏಳಲು ಕಷ್ಟವಾದರೆ ಮೇಲೊಂದು ದಿಂಬು ಹಾಕಿ. ಬೆಳಿಗ್ಗೆ ಎಂಟು, ಸಂಜೆ ಎಂಟು ಸಲ ಎದ್ದು ಕೂರಿ. ದೊಪ್ಪನೆ ಕುಸಿಯಬೇಡಿ, ಮೂರು ಎಣಿಸುತ್ತಾ ನಿಧಾನವಾಗಿ ಇಳಿಯಿರಿ. ಬಲ ಬರುವುದು ಇಳಿಯುವಾಗಲೂ ಹೌದು. ಹಾಲು ಕಾಯುವಷ್ಟು ಹೊತ್ತು ಅಡುಗೆಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಂತು ಅಭ್ಯಾಸ ಮಾಡಿ. ಎದ್ದ ತಕ್ಷಣ ತಲೆ ಸುತ್ತಿದರೆ, ಎದೆ ಹಿಡಿದರೆ ನಿಲ್ಲಿಸಿ ಡಾಕ್ಟರಿಗೆ ಹೇಳಿ. ಬಿಪಿ ಮಾತ್ರೆಯ ಪ್ರಮಾಣ ನೋಡಬೇಕಾಗಬಹುದು.

ಊಟದ ಮಾತೂ ಇದೆ. ರಾತ್ರಿಗೆ ತಿಳಿಸಾರು ಅನ್ನ ಸಾಕು ಅನ್ನುವ ಹಿರಿಯರೇ ಹೆಚ್ಚು. ಈ ವಯಸ್ಸಿನಲ್ಲಿ ದಿನಕ್ಕೆ ತೂಕದ ಪ್ರತಿ ಕಿಲೋಗೆ ಸುಮಾರು ಒಂದು ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು ಆರು ಗ್ರಾಂ. ಲೆಕ್ಕ ನೀವೇ ಹಾಕಿ. ಗಟ್ಟಿ ಬೇಳೆ, ಹುರುಳಿ, ಕಾಳಿನ ಉಸಲಿ, ಮೊಸರು ಹೊತ್ತುಹೊತ್ತಿಗೂ ಇರಲಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಕೇಳಿಯೇ ತಿನ್ನಿ.

ಮಾತ್ರೆ ಮಗಳು ತಂದುಕೊಡಬಹುದು, ಇನ್ಶೂರೆನ್ಸ್ ಮಗ ಕಟ್ಟಬಹುದು. ಕುರ್ಚಿಯಿಂದ ಏಳುವುದನ್ನು ನಿಮ್ಮ ಬದಲು ಯಾರು ಮಾಡ್ತಾರೆ?

ಟೀಚರ್ ಮೊನ್ನೆ ಮತ್ತೆ ಬಂದಿದ್ದರು. ಏಳನೇ ಸಲ ಏಳುವಾಗ ತುಸು ತಡವರಿಸಿದರು. ಅಭ್ಯಾಸಬಲ, ಮಗ ರಟ್ಟೆಗೆ ಕೈ ಹಾಕಿದರು. "ಬಿಡೋ, ಎಣಿಸ್ತಾ ಇದೀನಿ" ಎಂದು ಗದರಿ ಎದ್ದು ನಿಂತರು.