‘ಮಾಜಿ ಸೈನಿಕ’ ಎಂದರೆ ಯಾರು, ಯಾರಲ್ಲ

ಪುಣೆ, ಮುಂಬೈಯ ಕನ್ನಡ ಬಳಗಗಳ ವಾಟ್ಸಪ್ ಗುಂಪುಗಳಲ್ಲಿ ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ಮೇಲೆ ಒಂದು ಸಂದೇಶ ತಪ್ಪದೆ ಓಡಾಡುತ್ತದೆ: ‘ನಿವೃತ್ತ ಯೋಧರ ಮಕ್ಕಳಿಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನ, ಕೂಡಲೇ ಅರ್ಜಿ ಹಾಕಿ.’ ಅದನ್ನು ನಂಬಿ ಬಿಎಸ್‌ಎಫ್‌ನಿಂದ ಬಂದವರು, ಪುಣೆ ಬಳಿಯ ಖಡಕಿಯ ಮದ್ದುಗುಂಡು ಕಾರ್ಖಾನೆಯಲ್ಲಿ ದುಡಿದವರು, ಸೈನ್ಯದಿಂದ ಬಂದವರು ಎಲ್ಲರೂ ಮಾಜಿ ಸೈನಿಕರ ಕಲ್ಯಾಣ ನೋಡಿಕೊಳ್ಳುವ ಕೇಂದ್ರೀಯ ಸೈನಿಕ ಮಂಡಳಿಯ ಜಾಲತಾಣಕ್ಕೇ ಹೋಗುತ್ತಾರೆ. ಬಿಎಸ್‌ಎಫ್‌ನವರ ಮಕ್ಕಳಿಗೆ ಅದೇ ಹೆಸರಿನ ಬೇರೆ ಯೋಜನೆ ಇದೆ. ಅದು ಗೃಹ ಸಚಿವಾಲಯದ್ದು, ಅರ್ಜಿ ಹಾಕಬೇಕಾದದ್ದು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಇಲ್ಲಿ ತಿರಸ್ಕೃತವಾಗಿ ಅಲ್ಲಿಗೆ ಹೋಗುವಷ್ಟರಲ್ಲಿ ಕೊನೆಯ ದಿನ ದಾಟಿದರೆ ಮಗುವಿನ ಒಂದು ವರ್ಷದ ಹಣ ಹೋಯಿತು.

ಇದಕ್ಕೆಲ್ಲ ಮೂಲ, ‘ಮಾಜಿ ಸೈನಿಕ’ ಎನ್ನಬೇಕಾದ ಕಡೆ ‘ನಿವೃತ್ತ ಯೋಧ’ ಎಂದು ಬರೆಯುವ ಅಭ್ಯಾಸ. ಗೌರವಕ್ಕಾಗಿಯೇ ಹಾಗೆ ಬರೆಯುತ್ತಾರೆ, ಒಪ್ಪೋಣ. ‘ಮಾಜಿ’ ಎಂದರೆ ಅಧಿಕಾರ ಕಳೆದುಕೊಂಡವನು ಎಂಬ ಧ್ವನಿ ಕನ್ನಡದಲ್ಲಿ ಬಂದುಬಿಟ್ಟಿದೆ, ಮಾಜಿ ಸಚಿವ, ಮಾಜಿ ಶಾಸಕ ಎಂದು ಕೇಳಿ ಕೇಳಿ. ಆದರೆ ಪದದಲ್ಲಿ ಅಂಥ ಹೀನಾರ್ಥವೇನೂ ಇಲ್ಲ. ಅದು ಅರಬ್ಬಿಯ ‘ಮಾಜೀ’, ಅಂದರೆ ಕಳೆದದ್ದು. ಅದರ ಎದುರು ಪದವಾದ ‘ಹಾಲಿ’ ಕೂಡ ಅರಬ್ಬಿಯಿಂದಲೇ ಬಂದದ್ದು. ಎರಡೂ ಪಾರಸಿಯ ಆಡಳಿತ ಭಾಷೆಯಿಂದ ಹಿಂದೂಸ್ತಾನಿಗೆ, ಮರಾಠಿಗೆ, ನಮಗೆ ಇಳಿದವು. ನಾವು ‘ಹಾಲಿ-ಮಾಜಿ’ ಎನ್ನುವುದನ್ನು ಮರಾಠಿಯವರು ‘ಆಜಿ-ಮಾಜಿ’ ಎನ್ನುತ್ತಾರೆ. ‘ನಿವೃತ್ತ’ ಸಂಸ್ಕೃತ, ಹಿಂದಿರುಗಿದವನು. ಸರ್ಕಾರಿ ಬಳಕೆಯಲ್ಲಿ ಅದು ಸೇವಾವಧಿ ಮುಗಿಸಿ ಪಿಂಚಣಿ ಪಡೆಯುವವನ ಗುರುತು. ‘ಯೋಧ’ ಯಾವ ನಿಯಮದಲ್ಲೂ ಇಲ್ಲದ ಪದ. ವಿಜಯಪುರ, ಬಾಗಲಕೋಟೆಯ ಹಳ್ಳಿಗಳಲ್ಲಿ ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿ ಬರಮಾಡಿಕೊಳ್ಳುವಾಗ ಸೇನೆಯವನೂ ಯೋಧ, ಸಿಆರ್‌ಪಿಎಫ್‌ನವನೂ ಯೋಧ. ಮೆರವಣಿಗೆಗೆ ಅದು ಸರಿ, ಅರ್ಜಿಗೆ ಸರಿಯಲ್ಲ.

‘ಮಾಜಿ ಸೈನಿಕ’ ಕಾನೂನಿನ ಪದ. ಸೈನ್ಯದಿಂದ ಬಂದವರನ್ನು ನಾಗರಿಕ ಹುದ್ದೆಗೆ ತೆಗೆದುಕೊಳ್ಳುವ ಕೇಂದ್ರದ 1979ರ ಮರುನೇಮಕಾತಿ ನಿಯಮಗಳಲ್ಲಿ ಅದರ ವ್ಯಾಖ್ಯೆ ಇದೆ, 2012ರಲ್ಲಿ ತಿದ್ದುಪಡಿಯಾಗಿದೆ. ಭೂಸೇನೆ, ನೌಕಾಪಡೆ, ವಾಯುಪಡೆಗಳಲ್ಲಿ ಯಾವುದೇ ದರ್ಜೆಯಲ್ಲಿ, ಹೋರಾಡುವವನಾಗಿಯೋ ಅಲ್ಲದೆಯೋ ಸೇವೆ ಸಲ್ಲಿಸಿ ಪಿಂಚಣಿಯೊಂದಿಗೆ ಹೊರಬಂದವನು ಮಾಜಿ ಸೈನಿಕ. ಸೇವೆಯ ಕಾರಣಕ್ಕೆ ಆದ ಗಾಯ, ಕಾಯಿಲೆಯಿಂದ ಬಿಡುಗಡೆಯಾದವನೂ ಹೌದು. ಸಿಬ್ಬಂದಿ ಕಡಿತದಲ್ಲಿ ಹೊರಬಂದವನೂ ಹೌದು. ಗೊತ್ತುಪಡಿಸಿದ ಅವಧಿ ಮುಗಿಸಿ ಪಿಂಚಣಿಯಿಲ್ಲದೆ ಬರೀ ಗ್ರಾಚ್ಯುಯಿಟಿ ಪಡೆದವನೂ ಹೌದು. ಆದರೆ ಪಿಂಚಣಿಗೆ ಬೇಕಾದ ಸೇವೆ (ಜವಾನರಿಗೆ 15 ವರ್ಷ) ತುಂಬುವ ಮೊದಲೇ ಸ್ವಂತ ಕೋರಿಕೆಯಿಂದ ಬಿಟ್ಟು ಬಂದವನು ಅಲ್ಲ. ವಜಾ ಆದವನು ಅಲ್ಲ. ಬಿಡುಗಡೆಯ ದಿನಾಂಕದ ಮೇಲೆ ಅನ್ವಯಿಸುವ ವ್ಯಾಖ್ಯೆ ಬದಲಾಗುತ್ತದೆ, ಹಾಗಾಗಿ ಡಿಸ್ಚಾರ್ಜ್ ಬುಕ್‌ನಲ್ಲಿ (ಸೈನ್ಯ ಬಿಡುವಾಗ ಕೊಡುವ ಸೇವಾ ದಾಖಲೆ) ಬಿಡುಗಡೆಯ ಕಾರಣ ಬರೆದ ಸಾಲನ್ನು ಓದದೆ ಯಾರಿಗೂ ಹೌದು, ಅಲ್ಲ ಎಂದು ಹೇಳಬಾರದು.

ಇಲ್ಲಿಯೇ ‘ನಿವೃತ್ತ’ ಹೆಚ್ಚು ಕೆಡುಕು ಮಾಡುವುದು. ಪಿಂಚಣಿಯಿಲ್ಲದ ಹಳಬರು ‘ನಾನು ನಿವೃತ್ತನಲ್ಲ, ನನಗೇನೂ ಸಿಗದು’ ಎಂದು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೆಟ್ಟಿಲನ್ನೇ ಹತ್ತುವುದಿಲ್ಲ. ಸೈನಿಕ ಮಂಡಳಿಯ ಕಡುಬಡತನದ ಅನುದಾನ ಇರುವುದೇ ಅವರಿಗಾಗಿ: ಹವಾಲ್ದಾರ್ ದರ್ಜೆಯವರೆಗಿನ, 65 ದಾಟಿದ, ಪಿಂಚಣಿಯಿಲ್ಲದ ಮಾಜಿ ಸೈನಿಕರಿಗೆ ಮತ್ತು ಅಂಥವರ ವಿಧವೆಯರಿಗೆ. ತಿಂಗಳಿಗೆ 4,000 ರೂಪಾಯಿ ಇದ್ದದ್ದು, 2025ರ ನವೆಂಬರ್ 1ರಿಂದ ಸಲ್ಲಿಸುವ ಅರ್ಜಿಗಳಿಗೆ 8,000 ಆಗಿದೆ. ಜೊತೆಗೇ ಇಬ್ಬರು ಮಕ್ಕಳವರೆಗಿನ ಶಿಕ್ಷಣ ಅನುದಾನ ಮಗುವೊಂದಕ್ಕೆ ತಿಂಗಳಿಗೆ 2,000ಕ್ಕೆ, ಮದುವೆ ಅನುದಾನ 1 ಲಕ್ಷಕ್ಕೆ ಏರಿವೆ. ನಿಮ್ಮ ಸೊಸೈಟಿಯಲ್ಲಿ ಕಾವಲು ಕಾಯುವ ಹಿರಿಯರು ಸೈನ್ಯದಲ್ಲಿದ್ದೆ ಎಂದರೆ, ದಯವಿಟ್ಟು ಅವರ ಡಿಸ್ಚಾರ್ಜ್ ಬುಕ್ ಕೇಳಿ ನೋಡಿ.

ಪುಣೆಯಲ್ಲಿ ಇನ್ನೊಂದು ಗೊಂದಲ ಬೇರೂರಿದೆ. ದೇಹು ರೋಡ್, ಖಡಕಿಯ ಕಾರ್ಖಾನೆಗಳು, ಎಂಇಎಸ್ (ಸೇನೆಯ ಕಟ್ಟಡ ಕಾಮಗಾರಿ ವಿಭಾಗ), ಡಿಪೋಗಳಲ್ಲಿ ಕೆಲಸ ಮಾಡಿದವರನ್ನು ‘ಡಿಫೆನ್ಸ್‌ನಲ್ಲಿದ್ದರು’ ಎನ್ನುತ್ತೇವೆ. ಅವರು ರಕ್ಷಣಾ ಇಲಾಖೆಯ ನಾಗರಿಕ ನೌಕರರು. ಅವರ ಆಸ್ಪತ್ರೆಯ ದಾರಿ ಕೇಂದ್ರ ನೌಕರರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್, ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಅಲ್ಲ. ಮುಂಬೈ, ಗೋವಾಗಳಲ್ಲಿ ‘ನೇವಿಯಲ್ಲಿದ್ದರು’ ಎಂದರೆ ಮರ್ಚೆಂಟ್ ನೇವಿಯೋ (ವಾಣಿಜ್ಯ ಹಡಗು) ಭಾರತೀಯ ನೌಕಾಪಡೆಯೋ ಎಂದು ಕೇಳಲೇಬೇಕು. ಮರ್ಚೆಂಟ್ ನೇವಿಗೂ ಸೈನಿಕ ಮಂಡಳಿಗೂ ಸಂಬಂಧವಿಲ್ಲ. ಕರಾವಳಿ ಕಾವಲು ಪಡೆಯವರು ಮರುನೇಮಕಾತಿ ನಿಯಮದ ವ್ಯಾಖ್ಯೆಯಲ್ಲಿ ಇಲ್ಲ, ಆದರೆ ಸೈನಿಕ ಮಂಡಳಿಯ ಪ್ರಧಾನಮಂತ್ರಿ ವಿದ್ಯಾರ್ಥಿವೇತನಕ್ಕೆ (ಹುಡುಗರಿಗೆ ತಿಂಗಳಿಗೆ 2,500, ಹುಡುಗಿಯರಿಗೆ 3,000, ಕೋರ್ಸಿನ ಪ್ರವೇಶಕ್ಕೆ ಬೇಕಾದ ಪರೀಕ್ಷೆಯಲ್ಲಿ ಕನಿಷ್ಠ ಶೇ. 60 ಅಂಕ) ಅವರ ಮಕ್ಕಳೂ ಅರ್ಹರು. ಬಿಎಸ್‌ಎಫ್, ಸಿಆರ್‌ಪಿಎಫ್, ಐಟಿಬಿಪಿಯವರಿಗೆ 2012ರಲ್ಲಿ ‘ಮಾಜಿ ಸಿಎಪಿಎಫ್ (ಕೇಂದ್ರ ಸಶಸ್ತ್ರ ಪೊಲೀಸ್ ಪಡೆ) ಸಿಬ್ಬಂದಿ’ ಎಂಬ ಬೇರೆಯೇ ಹೆಸರು ಕೊಡಲಾಗಿದೆ. ಇನ್ನು ಅಗ್ನಿವೀರರು: 2022ರಲ್ಲಿ ಪ್ರಕಟವಾದ ಷರತ್ತುಗಳ ಪ್ರಕಾರ ನಾಲ್ಕು ವರ್ಷ ಮುಗಿಸಿ ಹೊರಬಂದವರಿಗೆ ಪಿಂಚಣಿ, ಇಸಿಎಚ್‌ಎಸ್, ಮಿಲಿಟರಿ ಕ್ಯಾಂಟೀನ್ ಇಲ್ಲ, ಮಾಜಿ ಸೈನಿಕ ಸ್ಥಾನವೂ ಇಲ್ಲ. ಇದು ನ್ಯಾಯವೇ ಎಂಬ ಪ್ರಶ್ನೆ ಬೇರೆ. ಆದರೆ ಅವರನ್ನು ‘ಮಾಜಿ ಸೈನಿಕ’ ಎಂದು ಬರೆದು ಮನೆಯವರಲ್ಲಿ ಸುಳ್ಳು ಭರವಸೆ ಹುಟ್ಟಿಸಬೇಡಿ.

‘ಹುತಾತ್ಮ’ದ ಮಾತೂ ಇದೇ. ಸಶಸ್ತ್ರ ಪಡೆಗಳಲ್ಲಿ ಅದು ಅಧಿಕೃತ ಪದವಲ್ಲ ಎಂದು ಸರ್ಕಾರ ಸಂಸತ್ತಿನಲ್ಲಿ ಹೇಳಿದೆ. ಪತ್ನಿಗೆ ಎಷ್ಟು ಬರುತ್ತದೆ ಎಂಬುದನ್ನು ಸಾವಿನ ವರ್ಗೀಕರಣ ತೀರ್ಮಾನಿಸುತ್ತದೆ. ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ವೇತನದ ಶೇ. 30. ಸೇವೆಯೇ ಸಾವಿಗೆ ಕಾರಣವೆಂದು ಒಪ್ಪಿದರೆ ವಿಶೇಷ ಕುಟುಂಬ ಪಿಂಚಣಿ, ಶೇ. 60. ಯುದ್ಧ ಅಥವಾ ಕಾರ್ಯಾಚರಣೆಯಲ್ಲಾದರೆ ಉದಾರೀಕೃತ ಕುಟುಂಬ ಪಿಂಚಣಿ, ಕೊನೆಯ ವೇತನದಷ್ಟೇ. ಪತ್ರಿಕೆ ಹುತಾತ್ಮ ಎಂದಿದೆ ಎಂದು ನಂಬಿ ಕೂರುವ ಬದಲು, ದಾಖಲೆಯಲ್ಲಿ ಏನು ವರ್ಗೀಕರಣವಾಗಿದೆ ಎಂದು ಬರಹದಲ್ಲಿ ಕೇಳಬೇಕು.

ಊರು ಕರ್ನಾಟಕ, ವಾಸ ಪುಣೆಯ ದಿಘಿ ಅಥವಾ ಲೋಹಗಾಂವ ಆದವರು ಕೇಂದ್ರದ ಸೌಲಭ್ಯಕ್ಕೆ ಎಲ್ಲಿಂದಾದರೂ ಅರ್ಹರು, ಆದರೆ ಅರ್ಜಿ ಸಾಗುವುದು ನೋಂದಣಿ ಇರುವ ಜಿಲ್ಲಾ ಕಚೇರಿಯ ಮೂಲಕ. ಬೆಳಗಾವಿಯಲ್ಲಿ ನೋಂದಾಯಿಸಿ ಪುಣೆಯಲ್ಲಿ ಅರ್ಜಿ ಹಾಕಿದರೆ ಪರಿಶೀಲನೆಯಲ್ಲೇ ನಿಲ್ಲುತ್ತದೆ. ಮೊದಲು ನೋಂದಣಿ ವರ್ಗಾಯಿಸಿಕೊಳ್ಳಿ. ರಾಜ್ಯದ ಸೌಲಭ್ಯಗಳಿಗೆ ಅಧಿವಾಸದ (ಆ ರಾಜ್ಯದ ಕಾಯಂ ನಿವಾಸಿ ಎಂಬ) ದಾಖಲೆ ಬೇರೆ ಬೇಕಾಗಬಹುದು. ಅಂಗ ಕಳೆದುಕೊಂಡವರಿಗೆ ಪುಣೆಯಲ್ಲಿ ಇರುವುದು ಚಿಕ್ಕ ಅನುಕೂಲವಲ್ಲ: ವಾನವಡಿಯಲ್ಲಿ 1944ರಿಂದ ಕೃತಕ ಅಂಗ ಕೇಂದ್ರವಿದೆ. ಖಡಕಿಯಲ್ಲಿ ಬೆನ್ನುಹುರಿ ಪೆಟ್ಟಾದವರ ಪುನರ್ವಸತಿ ಕೇಂದ್ರವೂ, ಅಂಗವಿಕಲ ಸೈನಿಕರಿಗೆ ಕಸುಬು ಕಲಿಸುವ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆಯೂ ಇವೆ.

ಕುಟುಂಬದವರು ಎಡವುವುದು ಹೆಚ್ಚಾಗಿ ಹೆಸರಿನಲ್ಲಿ. ಪಿಪಿಒದಲ್ಲಿ (ಪಿಂಚಣಿ ಆದೇಶ ಪತ್ರ) ‘ಬಸವ್ವ’, ಆಧಾರ್‌ನಲ್ಲಿ ‘ಬಸಮ್ಮ’. ಮಹಾರಾಷ್ಟ್ರದಲ್ಲಿ ಮಾಡಿಸಿದ ಪ್ಯಾನ್‌ನಲ್ಲಿ ನಡುವೆ ಗಂಡನ ಹೆಸರು. ಜನ್ಮದಿನಾಂಕವೂ ಬೇರೆ. ಗಂಡ ತೀರಿಕೊಂಡ ಮೇಲೆ ಸ್ಪರ್ಶ್‌ನಲ್ಲಿ (ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ) ಕುಟುಂಬ ಪಿಂಚಣಿ ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ಅವರು ಬದುಕಿದ್ದಾಗಲೇ ಅಫಿಡವಿಟ್ ಮತ್ತು ಗುರುತಿನ ದಾಖಲೆಗಳೊಂದಿಗೆ ರೆಕಾರ್ಡ್ ಆಫೀಸಿಗೆ ಬರೆದು ಪಾರ್ಟ್-2 ಆರ್ಡರ್ (ಸೈನಿಕನ ಕುಟುಂಬದ ವಿವರ ದಾಖಲಿಸುವ ಆದೇಶ) ತಿದ್ದಿಸಬೇಕು. ಬಾಂಬೆ ಸ್ಯಾಪರ್ಸ್‌ನವರಿಗೆ ಆ ಆಫೀಸು ಖಡಕಿಯಲ್ಲೇ ಇದೆ, ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿಯಲ್ಲಿ, ನೌಕಾಪಡೆಯ ನಾವಿಕರಿಗೆ ಮುಂಬೈಯ ಮಾನಖುರ್ದ್‌ನಲ್ಲಿ.