ಎರಡು ಸುತ್ತಿನ ಲೆಕ್ಕ

ಬದಿಯಡ್ಕದ ಹತ್ತಿರದ ನಮ್ಮ ಮನೆಯ ಹಂಚಿನ ಮಾಡಿನ ಮೇಲಕ್ಕೆ ಹಲಸಿನ ಕೊಂಬೆಯೊಂದು ಬಾಗಿತ್ತು. ಮಳೆಗಾಲಕ್ಕೆ ಮೊದಲು ಕಡಿಸಲೇಬೇಕು. ಮರ ಹತ್ತಿದವರು ಕೊಂಬೆಗೆ ಹಗ್ಗ ಬಿಗಿದು, ಮೇಲಿನ ಕವಲಿನಿಂದ ಹಾಯಿಸಿ ಕೆಳಕ್ಕೆ ಬಿಟ್ಟರು. ಕೆಳಗಿದ್ದ ಬಡಕಲು ಅಜ್ಜ ಅದನ್ನು ಪಕ್ಕದ ತೆಂಗಿನ ಮರಕ್ಕೆ ಎರಡು ಸುತ್ತು ಸುತ್ತಿದರು. ತುದಿ ಒಂದು ಕೈಯಲ್ಲಿ. ಇನ್ನೊಂದು ಕೈ ಎಲೆಯಡಿಕೆಯ ಚೀಲ ತಡಕುತ್ತಿತ್ತು. ಕೊಂಬೆ ಲಟಕ್ಕೆಂದು ಮುರಿಯಿತು, ಹಗ್ಗ ಕಿರ್ರೆಂದಿತು, ಕ್ವಿಂಟಾಲು ತೂಗುವ ಕೊಂಬೆ ಒಂದು ಹಂಚನ್ನೂ ಒಡೆಯದೆ ಅಂಗಳಕ್ಕಿಳಿಯಿತು. “ಅವರ ಕೈಯಲ್ಲಿ ಏನೋ ಉಂಟು, ಹಗ್ಗ ಮಂತ್ರಿಸಿದ್ದು” ಎಂದರು ನೋಡಲು ಬಂದವರೊಬ್ಬರು. ತೆಂಗಿನ ಮರಕ್ಕೆ ಸಲ್ಲಬೇಕಾದ್ದನ್ನು ಮಂತ್ರಕ್ಕೆ ಕೊಡುವ ಈ ಚಾಳಿ ನನಗೆ ಸಹಿಸದು.

ಮಂತ್ರ ಇಲ್ಲ, ಲೆಕ್ಕ ಇದೆ. ಹಗ್ಗ ಮರವನ್ನು ತಬ್ಬಿದ ಪ್ರತಿ ಅಂಗುಲದಲ್ಲೂ ಘರ್ಷಣೆ ಅಲ್ಲಿಯ ಎಳೆತದ ಒಂದು ಪಾಲನ್ನು ಕಿತ್ತುಕೊಳ್ಳುತ್ತದೆ. ಗಮನಿಸಿ, ಇಷ್ಟೇ ಎಂಬ ನಿಗದಿತ ಮೊತ್ತವನ್ನಲ್ಲ, ಉಳಿದದ್ದರಲ್ಲಿ ಒಂದು ಪಾಲನ್ನು. ದುಬಾಯಿಯಿಂದ ಹೊರಟ ಹಣ ಹತ್ತು ಕೈ ದಾಟಿ, ಪ್ರತಿ ಕೈಯೂ ತನ್ನ ಕಮಿಷನ್ ಮುರಿದುಕೊಂಡು, ಕೊನೆಗೆ ಮನೆಗೆ ಚಿಲ್ಲರೆ ತಲುಪಿದ ಹಾಗೆ. ಅಥವಾ ಚಕ್ರಬಡ್ಡಿಯ ಸಾಲವನ್ನು ತಲೆಕೆಳಗು ಮಾಡಿದ ಹಾಗೆ. ಹಗ್ಗಕ್ಕೂ ಮರಕ್ಕೂ ನಡುವಿನ ಘರ್ಷಣಾಂಕ 0.3 ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ ಭಾರ ಸುಮಾರು ಆರೂವರೆ ಪಟ್ಟು ಇಳಿಯುತ್ತದೆ, ಎರಡು ಸುತ್ತಿಗೆ 43 ಪಟ್ಟು, ಮೂರಕ್ಕೆ 286 ಪಟ್ಟು! ಕ್ವಿಂಟಾಲಿನ ಕೊಂಬೆ ಅಜ್ಜನ ಕೈಗೆ ಬರುವಾಗ ಎರಡೂಕಾಲು ಕಿಲೋ ಚಿಲ್ಲರೆ, ಒಂದು ದೊಡ್ಡ ಮಂಗಳೂರು ಸೌತೆಕಾಯಿಯಷ್ಟು. ಕವಲಿನಲ್ಲಿ ಉಜ್ಜಿ ಕಳೆದದ್ದು ಬೇರೆ.

18ನೆಯ ಶತಮಾನದಲ್ಲಿ ಇದಕ್ಕೆ ಸೂತ್ರ ಕಟ್ಟಿದವನು ಗಣಿತಜ್ಞ ಆಯ್ಲರ್. ಆ ಸೂತ್ರದಲ್ಲಿ ನನಗೆ ತುಂಬ ಇಷ್ಟವಾದ ಸಂಗತಿಯೆಂದರೆ, ಅದರಲ್ಲಿ ಮರದ ದಪ್ಪವೇ ಇಲ್ಲ. ತೆಂಗಾದರೂ ಒಂದೇ, ಅಡಿಕೆ ಮರವಾದರೂ ಒಂದೇ. ಘರ್ಷಣಾಂಕ ಒಂದೇ ಆಗಿದ್ದರೆ, ಎಷ್ಟು ಸುತ್ತು ಎಂಬುದಷ್ಟೇ ಮುಖ್ಯ. ಹಾಗಿದ್ದರೆ ಮರವನ್ನೇ ತೆಗೆದು, ಅದರ ಜಾಗದಲ್ಲಿ ಹಗ್ಗದ ಇನ್ನೊಂದು ಮಡಿಕೆಯನ್ನು ಇಟ್ಟರೆ? ಅದೇ ಗಂಟು. ಹಗ್ಗ ತನಗೆ ತಾನೇ ತೆಂಗಿನ ಮರವಾಗುತ್ತದೆ. ಎಳೆದಷ್ಟೂ ಮಡಿಕೆಗಳು ಒಂದನ್ನೊಂದು ಒತ್ತುತ್ತವೆ, ಒತ್ತಿದಷ್ಟೂ ಘರ್ಷಣೆ ಏರುತ್ತದೆ.

ಗಂಟಿನಲ್ಲಿ ಎಷ್ಟು ಸಲ ಕಟ್ಟಿದೆವು ಎಂಬುದಕ್ಕಿಂತ ಮಡಿಕೆಗಳು ಹೇಗೆ ಹಾಯುತ್ತವೆ ಎಂಬುದು ಮುಖ್ಯ. ಆದ್ದರಿಂದಲೇ “ಜಾರುತ್ತದಾ? ಇನ್ನೊಂದು ಗಂಟು ಹಾಕು” ಎಂಬ ಉಪದೇಶ ಕೇಳಿದರೆ ಸಿಟ್ಟು ಬರುತ್ತದೆ. ಬಲದ ತುದಿಯನ್ನು ಎಡದ ಮೇಲೆ ಹಾಯಿಸಿ ಕಟ್ಟಿ, ಮತ್ತೆ ಬಲವನ್ನೇ ಎಡದ ಮೇಲೆ ಹಾಯಿಸಿದರೆ ಆಗುವುದು ಗ್ರಾನಿ ನಾಟ್, ಜಾರುವ ಗಂಟು. ಎರಡನೆಯ ಸಲ ಎಡವನ್ನು ಬಲದ ಮೇಲೆ ಹಾಯಿಸಿದರೆ ಸ್ಕೌಟ್ ಮಕ್ಕಳ ರೀಫ್ ನಾಟ್. 2020ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು, ಎಳೆದರೆ ಬಣ್ಣ ಬದಲಿಸುವ ನೂಲಿನಿಂದ ಗಂಟುಗಳನ್ನು ಕಟ್ಟಿ ಅವುಗಳೊಳಗಿನ ಒತ್ತಡವನ್ನು ನೋಡಿದರು. ಎಳೆಯ ಹುರಿ ಒಂದೆಡೆ ಬಲಕ್ಕೆ, ಮುಂದಿನ ಕಡೆ ಎಡಕ್ಕೆ ತಿರುಗುವ ಗಂಟು ನಿಲ್ಲುತ್ತದೆ. ಒಂದೇ ದಿಕ್ಕಿಗೆ ತಿರುಗುವುದು ಉರುಳುತ್ತದೆ. ಒದ್ದೆ ಪಂಚೆ ಹಿಂಡಿದವರಿಗೆ ಇದು ಗೊತ್ತು. ಎರಡು ಕೈ ಎದುರುಬದುರು ತಿರುಗಿದರೆ ಬಟ್ಟೆ ಬಿಗಿಯುತ್ತದೆ, ಒಂದೇ ಕಡೆಗೆ ತಿರುಗಿದರೆ ಸುಮ್ಮನೆ ಹೊರಳುತ್ತದೆ.

ಗಂಟಿನ ಮೋಹ ದೊಡ್ಡವರನ್ನೂ ಬಿಟ್ಟಿಲ್ಲ. 1867ರಲ್ಲಿ ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್, ಪರಮಾಣುಗಳೆಂದರೆ ಈಥರ್ ಎಂಬ ಮಾಧ್ಯಮದಲ್ಲಿ ಬಿದ್ದ ಸುಳಿಯ ಗಂಟುಗಳು ಎಂದ. ಅವನ ಗೆಳೆಯ ಟೇಟ್ ವರ್ಷಗಟ್ಟಲೆ ಕುಳಿತು ಗಂಟುಗಳ ಪಟ್ಟಿ ಮಾಡಿದ. ಈಥರ್ ಸುಳ್ಳಾಯಿತು, ಪಟ್ಟಿ ಉಳಿಯಿತು. ಗಂಟಿನ ಗಣಿತ ಅಲ್ಲಿಂದ ಬೆಳೆಯಿತು.

ಮನೆಗೆ ಒಂದೇ ಗಂಟು ಕಲಿಯುವುದಾದರೆ ಬೋಲೈನ್ ಕಲಿಯಿರಿ. ಹಗ್ಗದ ನಡುವೆ ಚಿಕ್ಕ ಕುಣಿಕೆ ಮಾಡಿ, ತುದಿಯನ್ನು ಕೆಳಗಿನಿಂದ ಅದರೊಳಗೆ ತೂರಿಸಿ, ಉದ್ದದ ಹಗ್ಗದ ಹಿಂದಿನಿಂದ ಬಳಸಿ, ಬಂದ ದಾರಿಯಲ್ಲೇ ಕುಣಿಕೆಯೊಳಗೆ ಇಳಿಸಿ ಬಿಗಿಯಿರಿ. ಜೀರುಗುಣಿಕೆಯ ಹಾಗೆ ಕುತ್ತಿಗೆ ಹಿಸುಕುವುದಿಲ್ಲ, ಭಾರ ಇಳಿಸಿದರೆ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಮಗ್ಗದಲ್ಲಿ ಕಡಿದ ನೂಲು ಜೋಡಿಸುವ ನೇಕಾರರ ಗಂಟಿನದೂ ಇದೇ ಹೆಣಿಗೆ. ನೈಲಾನ್ ಹಗ್ಗವಾದರೆ ತುದಿ ಉದ್ದ ಬಿಡಿ; ತೆಂಗಿನ ನಾರಿನ ಒರಟು ಅದಕ್ಕಿಲ್ಲ.

ಇಷ್ಟೆಲ್ಲ ತಿಳಿದವನ ಕೈ ಮಾತ್ರ ಹಳೆಯ ಅಭ್ಯಾಸದ್ದೇ. ಕಳೆದ ತಿಂಗಳು ಹೊಸ ನೈಲಾನ್ ಹಗ್ಗ ಕಟ್ಟಿ ಇಳಿಸಿದ ಕೊಡಪಾನ ಬಾವಿಯ ತಳ ಸೇರಿತು, ಹಗ್ಗ ಬರಿದೇ ಮೇಲೆ ಬಂತು. ಪಕ್ಕದ ಮನೆಯ ಅಕ್ಕ ಪಾತಾಳಗರಡಿ ತಂದುಕೊಟ್ಟರು. ಅದಕ್ಕೆ ನಾನು ಗಂಟು ಬಿಗಿಯುವುದನ್ನು ನೋಡುತ್ತಾ ನಿಂತವರು ಮೆಲ್ಲಗೆ ಹಗ್ಗ ಕಸಿದುಕೊಂಡು ಹೇಳಿದರು: “ಕೊಡಿ ಇಲ್ಲಿ. ಇದೂ ಹೋದರೆ ತೆಗೆಯಲು ಊರಿನಲ್ಲಿ ಇನ್ನೊಂದು ಗರಡಿ ಇಲ್ಲ.”