ಕಾಡಿನ ಕೆಳಗಿನ ಇಳಿಜಾರು

ಮೆಲ್ಬರ್ನಿನ ಪೂರ್ವಕ್ಕಿರುವ ಡ್ಯಾಂಡೆನಾಂಗ್ ಬೆಟ್ಟಸಾಲಿನಲ್ಲಿಯೂ ಅದರಾಚೆಯ ಯಾರಾ ಕಣಿವೆಯ ಏರುತಗ್ಗುಗಳಲ್ಲಿಯೂ ನಿವೃತ್ತಿಯ ಮನೆ ಕಟ್ಟಿಸಬೇಕೆಂದು ವಾಸ್ತುಶಿಲ್ಪಿಯಾದ ನನ್ನ ಕಚೇರಿಗೆ ಬರುವವರಲ್ಲಿ ಈಚೆಗೆ ಕನ್ನಡಿಗರು ಹೆಚ್ಚುತ್ತಿದ್ದಾರೆ. ಇಲ್ಲಿಗೆ ಬಂದು ದುಡಿದ ಮೊದಲ ತಲೆಮಾರಿನವರಿಗೆ ಈಗ ಅರವತ್ತು ದಾಟಿದೆ. ಮಕ್ಕಳು ತಮ್ಮ ತಮ್ಮ ಸಂಸಾರ ಹೂಡಿದ್ದಾರೆ. ಬಡಾವಣೆಯ ದೊಡ್ಡ ಮನೆಯನ್ನು ಮಾರಿ, ಮರಗಳ ನಡುವೆ ಚಿಕ್ಕದೊಂದು ಮನೆ ಕಟ್ಟಿ, ಉಳಿದ ಹಣವನ್ನು ಮುಪ್ಪಿಗೆ ಇಟ್ಟುಕೊಳ್ಳೋಣ ಎಂಬುದು ಅವರ ಯೋಚನೆ. ಯೋಚನೆಯಲ್ಲಿ ತಪ್ಪೇನಿಲ್ಲ. ಸಪಾಟಾದ ನಿವೇಶನಕ್ಕಿಂತ ಇಳಿಜಾರಿನದು ಎಷ್ಟೋ ವೇಳೆ ಅಗ್ಗಕ್ಕೆ ಸಿಗುವುದೂ ನಿಜ. ಆದರೆ ಕೊಳ್ಳುವಾಗ ಉಳಿಸಿದ ಹಣವನ್ನು ಅಡಿಪಾಯ, ತಡೆಗೋಡೆ, ಕಿಟಕಿಗಳು ಹೇಗೆ ಮರಳಿ ಕಸಿದುಕೊಳ್ಳುತ್ತವೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ, ಹೇಳಿದ್ದರೂ ಅವರು ಕೇಳಿಸಿಕೊಂಡಿರುವುದಿಲ್ಲ.

ಬಂದವರ ಕೈಯಲ್ಲಿ ಒಂದು ನಕ್ಷೆ ಸಿದ್ಧವಾಗಿಯೇ ಇರುತ್ತದೆ. ಅದರಲ್ಲಿ ರಸ್ತೆ ಮೇಲ್ಗಡೆಯಿರುತ್ತದೆ, ಮನೆ ನಿವೇಶನದ ಕೆಳಗಿನ ಅಂಚಿನಲ್ಲಿರುತ್ತದೆ, ಹಜಾರಕ್ಕೆ ನೆಲದಿಂದ ಸೂರಿನವರೆಗೆ ಗಾಜು, ಅದರ ಮುಂದೆ ಕಂಬಗಳ ಮೇಲೆ ಕಣಿವೆಗೆ ಚಾಚಿಕೊಂಡ ಮರದ ಡೆಕ್. ಬೆಳಗಿನ ಕಾಫಿ ಅಲ್ಲಿ ಕುಳಿತು ಕುಡಿಯಬೇಕಂತೆ. ಈ ಆಸೆಯ ಬಗ್ಗೆ ನನಗೆ ಪ್ರೀತಿಯಿದೆ. ಆ ನಕ್ಷೆಯ ಬಗ್ಗೆ ಮಾತ್ರ ತಾಳ್ಮೆ ಉಳಿದಿಲ್ಲ. ವಯಸ್ಸಾದವರಿಗೆ, ಮಿತವಾದ ಹಣದಲ್ಲಿ, ಕಾಡ್ಗಿಚ್ಚಿನ ಸೀಮೆಯಲ್ಲಿ ಕಟ್ಟುವ ಮನೆಯನ್ನು ಇಡಲೇಬಾರದ ಜಾಗವೊಂದಿದ್ದರೆ, ಅದು ಹೆಚ್ಚಿನ ಸಂದರ್ಭಗಳಲ್ಲಿ ಅದೇ ಅಂಚು.

ನಿವೇಶನದ ಬೆಂಕಿಯ ಅಪಾಯವನ್ನು ಅಳೆಯುವ ‘ಬ್ಯಾಲ್’ (ಬುಷ್‌ಫೈರ್ ಅಟ್ಯಾಕ್ ಲೆವೆಲ್) ದರ್ಜೆಯ ಬಗ್ಗೆ ಎಲ್ಲರಿಗೂ ಅಷ್ಟಿಷ್ಟು ತಿಳಿದಿರುತ್ತದೆ: 12.5, 19, 29, 40, ಅದರ ಮೇಲೆ ಜ್ವಾಲಾವಲಯ. ಈ ಸಂಖ್ಯೆಗಳು ಗೋಡೆಯ ಪ್ರತಿ ಚದರ ಮೀಟರಿಗೆ ಬಡಿಯಬಹುದಾದ ವಿಕಿರಣ ಶಾಖದ ಕಿಲೋವ್ಯಾಟ್ ಲೆಕ್ಕ. ದರ್ಜೆ ಏರಿದಂತೆ ಗಾಜು, ಬಾಗಿಲು, ಸೂರು, ಗೋಡೆಯ ಹೊದಿಕೆ ಎಲ್ಲದರ ಬೆಲೆಯೂ ಏರುತ್ತದೆ. ಕಾಡ್ಗಿಚ್ಚಿನ ಸೀಮೆಯ ಕಟ್ಟಡಗಳಿಗೆ ಅನ್ವಯಿಸುವ ಎಎಸ್ 3959 ಎಂಬ ಆಸ್ಟ್ರೇಲಿಯಾದ ಮಾನದಂಡದ ಪ್ರಕಾರ ಈ ದರ್ಜೆಯನ್ನು ನಿರ್ಧರಿಸುವಾಗ ಸುತ್ತಲಿನ 100 ಮೀಟರಿನೊಳಗೆ ಎಂಥ ಸಸ್ಯವರ್ಗವಿದೆ, ಅದು ಮನೆಯಿಂದ ಎಷ್ಟು ದೂರದಲ್ಲಿದೆ, ಅದು ನಿಂತಿರುವ ನೆಲದ ಇಳಿಜಾರು ಎಷ್ಟು ಎಂಬುದನ್ನು ನೋಡುತ್ತಾರೆ. ಕೊನೆಯ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿ. ಲೆಕ್ಕಕ್ಕೆ ಬರುವುದು ಸಸ್ಯವರ್ಗ ನಿಂತಿರುವ ನೆಲದ ಇಳಿಜಾರು. ನಿಮ್ಮ ಮನೆ ನಿಂತಿರುವ ನೆಲದ್ದಲ್ಲ.

ತೀರ್ಥಹಳ್ಳಿಯ ಕಡೆಯವರೊಬ್ಬರು, ಎಂಜಿನಿಯರಾಗಿ ನಿವೃತ್ತರಾದವರು, ಇದನ್ನು ಕೊನೆಯವರೆಗೂ ಒಪ್ಪಲಿಲ್ಲ. ಅವರ ನಿವೇಶನ ರಸ್ತೆಯಿಂದ ಕೆಳಗಿನ ಗಡಿಯವರೆಗೆ ಸುಮಾರು 90 ಮೀಟರ್ ಉದ್ದವಿತ್ತು. ಗಡಿಯಾಚೆ ನೀಲಗಿರಿ ಜಾತಿಯ ಮರಗಳ ಕಾಡು 18 ಡಿಗ್ರಿಯಷ್ಟು ಇಳಿಜಾರಿನಲ್ಲಿ ತೊರೆಯವರೆಗೆ ಇಳಿದಿತ್ತು. ‘ನೋಡಮ್ಮಾ, ಜೆಸಿಬಿ ತರಿಸಿ ನೆಲ ಪೂರ್ತಿ ಸಮ ಮಾಡಿಸ್ತೀನಿ ಅಂತ ಹೇಳ್ತಿದೀನಲ್ಲ, ಇನ್ನೆಲ್ಲಿಂದ ಬಂತು ಇಳಿಜಾರು?’ ಎಂದು ಅವರು ಕೇಳಿದರು. ‘ನೀವು ಸಮ ಮಾಡಿಸೋದು ನಿಮ್ಮ ಜಾಗ ಅಂಕಲ್, ಬೆಂಕಿ ಹತ್ತಿ ಬರೋದು ಪಕ್ಕದ ಜಾಗ’ ಎಂದೆ. ಅವರು ಹೆಂಡತಿಯ ಮುಖ ನೋಡಿದರು. ಆಕೆ ನನ್ನ ನಕ್ಷೆಯನ್ನು ನೋಡುತ್ತಿದ್ದರು.

ಬೆಂಕಿ ಏರು ನೆಲವನ್ನು ಹತ್ತುವಾಗ ಜ್ವಾಲೆಯು ಮುಂದಿರುವ ಗಿಡಗಂಟಿಗಳ ಮೇಲೆ ಬಾಗಿಕೊಂಡು, ಉರಿ ತಾಗುವ ಮೊದಲೇ ಅವುಗಳನ್ನು ಕಾಯಿಸಿ ಒಣಗಿಸಿಬಿಡುತ್ತದೆ. ಏರು 10 ಡಿಗ್ರಿ ಹೆಚ್ಚಿದರೆ ಬೆಂಕಿಯ ವೇಗ ಸುಮಾರು ಎರಡು ಪಟ್ಟಾಗುತ್ತದೆ, 20 ಡಿಗ್ರಿಯಾದರೆ ನಾಲ್ಕು ಪಟ್ಟು ಎಂಬುದು ಇಲ್ಲಿ ಬಳಕೆಯಲ್ಲಿರುವ ಅಂದಾಜು. ವೇಗ ಹೆಚ್ಚಿದಂತೆ ಜ್ವಾಲೆಯ ಉದ್ದವೂ ಅದು ಹೊಮ್ಮಿಸುವ ಶಾಖವೂ ಹೆಚ್ಚುತ್ತವೆ. ಆದ್ದರಿಂದ ನಿಮ್ಮ ಮನೆ ಮೇಲಿದ್ದು ಕಾಡು ಕೆಳಗಿದ್ದರೆ, ಮನೆಯ ನೆಲ ಬಿಲಿಯರ್ಡ್ಸ್ ಮೇಜಿನಂತೆ ಸಪಾಟಾಗಿದ್ದರೂ ಬರುವ ಬೆಂಕಿಯಲ್ಲಿ ಏನೂ ಬದಲಾಗುವುದಿಲ್ಲ.

ನಮ್ಮವರಿಗೆ ಇದು ಮನಸ್ಸಿಗೆ ಹತ್ತದಿರುವುದಕ್ಕೆ ಊರಿನ ನೆನಪೂ ಒಂದು ಕಾರಣವಿರಬಹುದು ಎಂದು ನನಗೆ ಅನ್ನಿಸುತ್ತದೆ. ಮಲೆನಾಡಿನಲ್ಲಿ ಮನೆಯಿರುವುದು ಸಾಮಾನ್ಯವಾಗಿ ಗುಡ್ಡದ ಬುಡದಲ್ಲಿ. ಮುಂದೆ ಅಡಿಕೆ ತೋಟ, ಹಿಂದೆ ಮೇಲಕ್ಕೆ ಸೊಪ್ಪಿನಬೆಟ್ಟ. ಬೆಟ್ಟಕ್ಕೆ ಬೆಂಕಿ ಬಿದ್ದರೆ ಅದು ಹೆಚ್ಚಾಗಿ ಮೇಲಕ್ಕೆ, ಮನೆಯಿಂದ ದೂರಕ್ಕೆ ಹೋಗುತ್ತದೆ. ಇಲ್ಲಿ ನೋಟಕ್ಕಾಗಿ ಬೆಟ್ಟದ ನೆತ್ತಿಯಲ್ಲಿ ಮನೆ ಕಟ್ಟುತ್ತಾರೆ, ಕಾಡು ಕಾಲಬುಡದಲ್ಲಿರುತ್ತದೆ.

ಈಗ ದೂರದ ಲೆಕ್ಕಕ್ಕೆ ಬರೋಣ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಬಹುಭಾಗಕ್ಕೆ ಅನ್ವಯಿಸುವ ಕೋಷ್ಟಕದ ಪ್ರಕಾರ, ಸಪಾಟು ನೆಲದ ಕಾಡಿನಿಂದ 25 ಮೀಟರ್ ಹಿಂದೆ ಸರಿದರೆ ಬ್ಯಾಲ್ 29 ಸಿಗುತ್ತದೆ. ಕಾಡು 15ರಿಂದ 20 ಡಿಗ್ರಿ ಇಳಿಜಾರಿನಲ್ಲಿ ಮನೆಯ ಕೆಳಗಿದ್ದರೆ ಅದೇ 29ಕ್ಕೆ 61 ಮೀಟರ್ ಬೇಕು. 50 ಮೀಟರಿನ ಒಳಗೆ ಬಂದರೆ ಅದು ಜ್ವಾಲಾವಲಯ. ತೀರ್ಥಹಳ್ಳಿಯವರ ನಕ್ಷೆಯಲ್ಲಿ ಮನೆ ಕೆಳಗಡಿಯಿಂದ 30 ಮೀಟರಿನಲ್ಲಿತ್ತು. ಅದನ್ನು ಮೇಲಕ್ಕೆ, ಗಡಿಯಿಂದ 65 ಮೀಟರಿಗೆ ಸರಿಸಿದಾಗ ಬ್ಯಾಲ್ 29ಕ್ಕೆ ಇಳಿಯಿತು. 10 ಮೀಟರ್ ಆಳದ ಮನೆಯ ಹಿಂದೆ ರಸ್ತೆಗೆ ಇನ್ನೂ 15 ಮೀಟರ್ ಉಳಿಯಿತು. ಜ್ವಾಲಾವಲಯದಲ್ಲಿ ಪ್ರತಿಯೊಂದು ಕಿಟಕಿಯೂ ಸೂರಿನ ಪ್ರತಿಯೊಂದು ಜೋಡಣೆಯೂ ನೇರ ಜ್ವಾಲೆಗೆ ಪರೀಕ್ಷೆಯಾದ ವ್ಯವಸ್ಥೆಯಾಗಿರಬೇಕು. ನಿವೃತ್ತಿವೇತನದ ಲೆಕ್ಕದಲ್ಲಿ ಬದುಕುವವರು ಆ ಬೆಲೆಪಟ್ಟಿಯನ್ನು ನೋಡದಿರುವುದೇ ಕ್ಷೇಮ. ಈ ದೇಶದಲ್ಲಿ ಬೆಂಕಿಗೆ ತಾಳುವ ಸಾಮಗ್ರಿಗಳಲ್ಲೆಲ್ಲ ಅತಿ ಅಗ್ಗವಾದದ್ದು ಅಂತರ, ನೀವು ಹಣ ಕೊಟ್ಟು ಕೊಂಡ ನೆಲದಲ್ಲಿ ಅದು ಆಗಲೇ ಇರುತ್ತದೆ.

ಎಲ್ಲ ನಿವೇಶನಗಳಲ್ಲೂ ಇರುವುದಿಲ್ಲ, ಅದನ್ನೂ ಹೇಳಬೇಕು. ನಿವೇಶನವೇ 50 ಮೀಟರ್ ಆಳದ್ದಾಗಿದ್ದು, ಕೆಳಗಡಿಯಿಂದಲೇ ಅಂಥ ಕಾಡು ಆರಂಭವಾದರೆ, ಮನೆಯನ್ನು ಎಲ್ಲಿಟ್ಟರೂ ಜ್ವಾಲಾವಲಯವೇ. ಅಲ್ಲಿ ವಾಸ್ತುಶಿಲ್ಪಿ ಮಾಡಬಹುದಾದದ್ದು ಬಹಳ ಕಡಿಮೆ. ‘ಪಕ್ಕದವರಿಗೆ ಹೇಳಿ ಮರ ಕಡಿಸೋಣ’ ಎಂದು ಕೆಲವರು ಸೂಚಿಸುತ್ತಾರೆ. ಪಕ್ಕದ್ದು ಸರ್ಕಾರಿ ಕಾಡಾಗಿದ್ದರೆ ಆ ಮಾತೇ ಇಲ್ಲ, ಖಾಸಗಿಯಾಗಿದ್ದರೂ ಇನ್ನೊಬ್ಬರ ನೆಲವನ್ನು ನಂಬಿ ನಿಮ್ಮ ರಕ್ಷಣಾ ಅಂತರವನ್ನು ಲೆಕ್ಕ ಹಾಕುವುದಕ್ಕೆ ಪರವಾನಗಿ ಕೊಡುವವರು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಅಳತೆಯಲ್ಲಿ ಇನ್ನೆರಡು ಕಡೆ ಜನ ಎಡವುತ್ತಾರೆ. ಮೊದಲನೆಯದು ಟೇಪು. ಕೋಷ್ಟಕದ ದೂರ ಸಮತಲದ ದೂರ. ನೆಲದ ಮೇಲೆ ಇಳಿಜಾರಿನ ಗುಂಟ 61 ಮೀಟರ್ ಎಳೆದರೆ, 20 ಡಿಗ್ರಿ ಇಳಿಜಾರಿನಲ್ಲಿ ಸಮತಲದ ಅಂತರ ಸುಮಾರು 57 ಮೀಟರ್ ಮಾತ್ರ, ಅಂದರೆ ನೀವು ಬ್ಯಾಲ್ 40ರಲ್ಲಿ ನಿಂತಿದ್ದೀರಿ. ಎರಡನೆಯದು ಡೆಕ್. ದೂರವನ್ನು ಹೊರಗೋಡೆಯವರೆಗೆ ಅಳೆಯುತ್ತಾರೆ, ಆದರೆ ಗೋಡೆಯಿಲ್ಲದ ಭಾಗಗಳಾದ ಡೆಕ್, ವೆರಾಂಡಾ, ಕಾರು ನಿಲ್ಲಿಸುವ ಚಪ್ಪರ ಇವುಗಳಲ್ಲಿ ಅವನ್ನು ಹೊತ್ತ ಕಂಬದವರೆಗೆ ಅಳೆಯುತ್ತಾರೆ. ನೀವು ಕಣಿವೆಗೆ 4 ಮೀಟರ್ ಡೆಕ್ ಚಾಚಿ ಅದರ ತುದಿಗೆ ಕಂಬ ಕೊಟ್ಟರೆ, ಮನೆ 4 ಮೀಟರ್ ಬೆಂಕಿಯ ಹತ್ತಿರ ಹೋದಂತೆ. ಡೆಕ್ಕಿನ ಅಡಿಯಲ್ಲಿ ಎಲೆ, ತೊಗಟೆ ಸೇರಿಕೊಳ್ಳುತ್ತವೆ, ಹಳೆಯ ಕುರ್ಚಿ ಮತ್ತು ಸೌದೆಯನ್ನು ಮನೆಯವರೇ ತಂದು ತುಂಬುತ್ತಾರೆ. ಕಾಡ್ಗಿಚ್ಚಿನಲ್ಲಿ ಮನೆಗಳು ಸುಡುವುದು ಬಹುಪಾಲು ಮುಂಬರುವ ಜ್ವಾಲೆಯಿಂದಲ್ಲ, ಗಾಳಿಯಲ್ಲಿ ಹಾರಿ ಬರುವ ಕಿಡಿಗಳಿಂದ; ವಿಕ್ಟೋರಿಯಾದಲ್ಲಿ ಭೀಕರ ಕಾಡ್ಗಿಚ್ಚು ಹಬ್ಬಿದ 2009ರ ಫೆಬ್ರವರಿ 7ರ ಶನಿವಾರದಂದು ಕಿಡಿಗಳು 30 ಕಿಲೋಮೀಟರಿಗೂ ಹೆಚ್ಚು ದೂರ ಹಾರಿ ಹೊಸ ಬೆಂಕಿ ಹೊತ್ತಿಸಿದ್ದವು. ಅದಕ್ಕಾಗಿಯೇ ಹೊರಗಿನ ಯಾವ ಗಾಳಿಕಂಡಿಯ ಜಾಲರಿಯ ರಂಧ್ರವೂ 2 ಮಿಲಿಮೀಟರಿಗಿಂತ ದೊಡ್ಡದಿರಬಾರದೆಂಬ ನಿಯಮವಿದೆ. ಅಂಥ ಜಾಲರಿಗೆ ಹಣ ಕೊಟ್ಟು, ಪಕ್ಕದಲ್ಲೇ ಮರದ ಅಟ್ಟಣಿಗೆಯ ಕೆಳಗೆ ಸೌದೆ ಒಟ್ಟುವುದು ನನಗೆ ಇಂದಿಗೂ ಅರ್ಥವಾಗದ ವಿಷಯ.

ಹಾಗೆಂದು ಕುಳಿತು ಕಾಫಿ ಕುಡಿಯಲು ಜಾಗವೇ ಬೇಡವೆಂದು ನಾನು ಹೇಳುತ್ತಿಲ್ಲ. ನೆಲಕ್ಕೆ ಅಂಟಿಕೊಂಡ ಕಾಂಕ್ರೀಟಿನ ಅಥವಾ ಕಲ್ಲುಹಾಸಿನ ಜಗುಲಿ ಅದೇ ನೋಟವನ್ನು ಕೊಡುತ್ತದೆ, ಅಡಿಯಲ್ಲಿ ಏನನ್ನೂ ತುಂಬಿಸಿಕೊಳ್ಳುವುದಿಲ್ಲ, ಬಣ್ಣವನ್ನೂ ಕೇಳುವುದಿಲ್ಲ. ಮರವೇ ಬೇಕೆಂದರೆ ಬ್ಯಾಲ್ 29ರವರೆಗೆ ಸ್ಪಾಟೆಡ್ ಗಮ್, ಬ್ಲ್ಯಾಕ್‌ಬಟ್ ಮೊದಲಾದ ಕೆಲವು ಗಟ್ಟಿ ಮರಗಳಿಗೆ ಅವಕಾಶವಿದೆ. ಅದರ ಮೇಲಿನ ದರ್ಜೆಗಳಲ್ಲಿ ಆ ಆಸೆಯನ್ನು ಹೆಚ್ಚುಕಡಿಮೆ ಬಿಟ್ಟಂತೆಯೇ.

ಮನೆಯನ್ನು ರಸ್ತೆಯ ಬದಿಗೆ ಸರಿಸುವುದರಿಂದ ಬೆಂಕಿಯ ಲೆಕ್ಕವಷ್ಟೇ ಸುಧಾರಿಸುವುದಿಲ್ಲ. ಮುಪ್ಪಿನ ಲೆಕ್ಕವೂ ಸುಧಾರಿಸುತ್ತದೆ. ಗಾಲಿಕುರ್ಚಿಗೆ ಹೊಂದುವ ಇಳಿಜಾರುದಾರಿ 1:14ಕ್ಕಿಂತ ಕಡಿದಾಗಿರಬಾರದು. ಅಂದರೆ ಒಂದು ಮೀಟರ್ ಏರಲು 14 ಮೀಟರ್ ಉದ್ದ ಬೇಕು, ನಡುವಿನ ತಂಗುತಟ್ಟೆಗಳು ಬೇರೆ. ರಸ್ತೆಯಿಂದ ಆರು ಮೀಟರ್ ಕೆಳಗಿರುವ ಮನೆಗೆ ಅಂಥ ದಾರಿ ಮಾಡಿಸುವುದಕ್ಕಿಂತ ಬೇರೊಂದು ನಿವೇಶನ ಹುಡುಕುವುದು ಲೇಸು. ರಸ್ತೆಯ ಮಟ್ಟಕ್ಕೆ ಹತ್ತಿರವಿದ್ದರೆ ಮೆಟ್ಟಿಲಿಲ್ಲದೆ ಒಳಬರಬಹುದು. ಅಗ್ನಿಶಾಮಕ ವಾಹನ ಬರುವ ದಾರಿಗೂ ಇಲ್ಲಿ ಮಿತಿಯಿದೆ: ಏರಿಳಿತ ಸರಾಸರಿ ಏಳಕ್ಕೆ ಒಂದನ್ನು ಮೀರಬಾರದು, ಅಗಲ 3.5 ಮೀಟರ್ ಇರಬೇಕು. ಉದ್ದವಾದ ಕಡಿದಾದ ದಾರಿಯನ್ನು ಇದಕ್ಕೆ ಹೊಂದಿಸಲು ಅಗೆತ ಮತ್ತು ತಡೆಗೋಡೆಗೆ ಸುರಿಯುವ ಹಣದಲ್ಲಿ ಚಿಕ್ಕ ಮನೆಯ ಒಂದು ಕೋಣೆಯನ್ನೇ ಕಟ್ಟಬಹುದು. ಇಳಿಜಾರಿಗೆ ಹೊಂದಿಕೊಳ್ಳಲೆಂದು ಒಳಗೆ ಮೂರು ಮೆಟ್ಟಿಲು ಇಳಿಸಿ ಹಜಾರ, ಮತ್ತೆ ಮೂರು ಇಳಿಸಿ ಮಲಗುವ ಕೋಣೆ ಮಾಡಿದ ಮನೆಗಳನ್ನು ನೋಡಿದಾಗ, ಅದರೊಡೆಯರ ಮಂಡಿಗಳ ಬಗ್ಗೆ ನನಗೆ ಮರುಕ ಹುಟ್ಟುತ್ತದೆ. ಒಂದೇ ಮಟ್ಟದ, ಇಳಿಜಾರಿಗೆ ಅಡ್ಡಲಾಗಿ ಉದ್ದವಾದ, ಆಳ ಕಡಿಮೆಯಿರುವ ಮನೆಗೆ ನೆಲ ಅಗೆಯುವುದು ಕಡಿಮೆ, ತಡೆಗೋಡೆ ಗಿಡ್ಡ. ಅದಕ್ಕೆ ಮಡಿಕೆಗಳಿಲ್ಲದ ಸರಳ ಉಕ್ಕಿನ ಸೂರು ಹೊದಿಸಿದರೆ ಎಲೆ ನಿಲ್ಲುವುದಕ್ಕೂ ಕಿಡಿ ಕೂರುವುದಕ್ಕೂ ಎಡೆಯಿರುವುದಿಲ್ಲ.

ಇದನ್ನು ಎಲ್ಲ ಕಡೆಗೂ ಸಲ್ಲುವ ಸೂತ್ರವೆಂದು ಹಿಡಿಯಬೇಡಿ. ರಸ್ತೆಯಾಚೆಗೂ ಕಾಡಿದ್ದರೆ ಆ ಬದಿಯ ದೂರವನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ, ಮತ್ತು ದರ್ಜೆ ನಿರ್ಧಾರವಾಗುವುದು ಹೆಚ್ಚು ಅಪಾಯದ ಬದಿಯಿಂದ. ಡ್ಯಾಂಡೆನಾಂಗಿನ ಕೆಲವು ಇಳಿಜಾರುಗಳಲ್ಲಿ ಮಣ್ಣು ಜಾರುವ ಭಯವೂ ಇರುವುದರಿಂದ ಮಣ್ಣಿನ ತಜ್ಞರ ವರದಿಯಿಲ್ಲದೆ ನಾನು ಒಂದು ಗೆರೆಯನ್ನೂ ಎಳೆಯುವುದಿಲ್ಲ. ಅಂತರ ಗಳಿಸಿದ ಮೇಲೆ ಅದನ್ನು ಕಾಪಾಡುವ ಹೊಣೆಯೂ ನಿಮ್ಮದೇ: ಬೆಂಕಿಯ ಕಾಲದುದ್ದಕ್ಕೂ ಹುಲ್ಲು ಗಿಡ್ಡವಾಗಿರಬೇಕು, ಮರಗಳ ಕೊಂಬೆಗಳು ಒಂದಕ್ಕೊಂದು ತಾಗಬಾರದು, ಕಿಟಕಿಯ ಹತ್ತಿರ ಪೊದೆ ಬೆಳೆಸಬಾರದು. ಎಪ್ಪತ್ತೈದರ ವಯಸ್ಸಿನಲ್ಲಿ ಇಳಿಜಾರಿನ ಹುಲ್ಲು ಕತ್ತರಿಸಲು ಯಾರು ಬರುತ್ತಾರೆ, ಅವರಿಗೆ ವರ್ಷಕ್ಕೆ ಎಷ್ಟು ಕೊಡಬೇಕು ಎಂಬುದನ್ನು ಮನೆಯ ಖರ್ಚಿನಲ್ಲಿ ಈಗಲೇ ಬರೆದುಕೊಳ್ಳುವುದು ಒಳ್ಳೆಯದು. ವಿಮೆಯ ಕಂತನ್ನೂ ನಿವೇಶನ ಕೊಳ್ಳುವ ಮೊದಲೇ ವಿಚಾರಿಸಿ. ವಿಮೆಯವರ ಲೆಕ್ಕ ನನ್ನ ಲೆಕ್ಕಕ್ಕಿಂತ ಬೇರೆಯಾಗಿರಬಹುದು.

ತೀರ್ಥಹಳ್ಳಿಯವರು ಕೊನೆಗೆ ಮನೆಯನ್ನು ಮೇಲಕ್ಕೆ ಸರಿಸಿದರು, ಆದರೆ ಕಾಡಿನ ಇಳಿಜಾರಿನ ವಾದವನ್ನು ಒಪ್ಪಿ ಅಲ್ಲ. ಅಂಚೆಪೆಟ್ಟಿಗೆಯವರೆಗೆ ದಿನವೂ ಏರು ಹತ್ತಲು ತಮ್ಮಿಂದಾಗದೆಂದು ಅವರ ಹೆಂಡತಿ ಖಂಡಿತವಾಗಿ ಹೇಳಿದ್ದರಿಂದ. ಕಾರಣ ಯಾವುದಾದರೇನು, 65 ಮೀಟರ್ ಸಿಕ್ಕಿತು.

ಬ್ಯಾಲ್ ದರ್ಜೆಗೆ ತಕ್ಕಂತೆ ಕಟ್ಟಿದ ಮನೆಯೂ ಉಳಿದೇ ಉಳಿಯುತ್ತದೆಂಬ ಭರವಸೆಯನ್ನು ಆ ಮಾನದಂಡವೇ ಕೊಡುವುದಿಲ್ಲ. ಅದು ಅಪಾಯವನ್ನು ತಗ್ಗಿಸುತ್ತದೆ, ಅಷ್ಟೆ. 2009ರ ಆ ಶನಿವಾರದ ಬೆಂಕಿಗೆ ಬಲಿಯಾದ 173 ಮಂದಿಯಲ್ಲಿ ನೂರಕ್ಕೆ 44ರಷ್ಟು ಜನ ಎಪ್ಪತ್ತು ದಾಟಿದವರು, ಹನ್ನೆರಡರೊಳಗಿನ ಮಕ್ಕಳು ಅಥವಾ ಕಾಯಿಲೆ, ಅಂಗವೈಕಲ್ಯ ಉಳ್ಳವರಾಗಿದ್ದರೆಂದು ವಿಚಾರಣಾ ಆಯೋಗ ಗುರುತಿಸಿತು. ಆದ್ದರಿಂದ ನನ್ನ ಹಿರಿಯ ಗ್ರಾಹಕರಿಗೆ ನಾನು ವಿನ್ಯಾಸ ಮಾಡುವುದು ಬೆಂಕಿಯೊಡನೆ ಹೋರಾಡಲು ಅಲ್ಲ, ಬೆಂಕಿಯ ಅಪಾಯದ ಅತಿ ಮೇಲಿನ ಮಟ್ಟವಾದ ‘ಕ್ಯಾಟಸ್ಟ್ರೋಫಿಕ್’ ಎಂದು ಘೋಷಿಸಿದ ದಿನ ಬೆಳಗ್ಗೆಯೇ ಅಥವಾ ಹಿಂದಿನ ರಾತ್ರಿಯೇ ಮನೆ ಬಿಟ್ಟು ಹೊರಡಲು ಅನುಕೂಲವಾಗುವಂತೆ. ಔಷಧಿ, ಪಾಸ್‌ಪೋರ್ಟು, ಕಾಗದಪತ್ರಗಳ ಕಪಾಟು ಮುಂಬಾಗಿಲ ಪಕ್ಕದಲ್ಲಿರುತ್ತದೆ. ಕಾರು ರಸ್ತೆಗೆ ಮುಖ ಮಾಡಿ ನಿಲ್ಲುವಂತೆ ತಿರುವಿಗೆ ಜಾಗವಿರುತ್ತದೆ. ವಿದ್ಯುತ್ ಹೋದಾಗ ಗ್ಯಾರೇಜಿನ ಬಾಗಿಲನ್ನು ಕೈಯಿಂದ ಬಿಡಿಸುವ ಹಗ್ಗ ನಿಂತಲ್ಲಿಂದಲೇ ಎಟಕುತ್ತದೆ. ಮನೆ ಒಪ್ಪಿಸುವ ದಿನ ಆ ಹಗ್ಗವನ್ನು ಗಂಡ ಹೆಂಡತಿ ಇಬ್ಬರೂ ನನ್ನೆದುರಿಗೆ ಒಮ್ಮೆಯಾದರೂ ಎಳೆದು, ಬಾಗಿಲನ್ನು ತಾವೇ ಎತ್ತಿ ತೋರಿಸಬೇಕೆಂದು ಕೇಳುತ್ತೇನೆ. ಎತ್ತಲಾಗದಿದ್ದರೆ ಹಗುರವಾದ ಬಾಗಿಲು ಹಾಕಿಸುತ್ತೇನೆ.